ಮಾರಾಟದ ಪಟ್ಟಿಯಲ್ಲಿ ಕಾಣದ ವಂತಿಗೆ

(ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಅಡಿಕೆ ಟೆಂಡರಿನಲ್ಲಿ ಮಾರಾಟವಾದ ಮೇಲೆ ಕೈಗೆ ಬರುವ ಪಟ್ಟಿಯನ್ನು ನೀವೆಲ್ಲರೂ ಓದುತ್ತೀರಿ. ತೂಕ, ದರ, ಹಮಾಲಿ, ಸಂಘದ ಸಾಲಕ್ಕೆ ಹಿಡಿದುಕೊಂಡ ಮೊತ್ತ, ಇಷ್ಟನ್ನು ನೋಡಿ ಉಳಿದದ್ದು ಎಷ್ಟು ಎಂದು ಲೆಕ್ಕ ಹಾಕುತ್ತೀರಿ. ಮಾರುಕಟ್ಟೆ ಶುಲ್ಕ, ಅಂದರೆ ನಾವು ಮಾತಿನಲ್ಲಿ ಎಪಿಎಂಸಿ ಸೆಸ್ ಎನ್ನುವುದು, ನಿಮ್ಮ ಖಾತೆಯಿಂದ ಕಡಿತವಾಗುವುದಿಲ್ಲ. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ 65ನೇ ಕಲಮಿನ ಪ್ರಕಾರ ಆ ಶುಲ್ಕವನ್ನು ಖರೀದಿದಾರರೇ ಕಟ್ಟಬೇಕು. ಆದ್ದರಿಂದ ಅದು ವ್ಯಾಪಾರಿಯ ವಿಷಯ, ಬೆಳೆಗಾರನಿಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಭಾವನೆ ಸರಿಯಲ್ಲ ಎಂಬುದರಿಂದಲೇ ಇಂದಿನ ಮಾತನ್ನು ಆರಂಭಿಸುತ್ತೇನೆ.

ಟೆಂಡರ್ ಬರೆಯುವ ವ್ಯಾಪಾರಿ ಅಡಿಕೆಯ ರಾಶಿಯನ್ನು ನೋಡಿದ ಕೂಡಲೇ ಒಂದು ದರವನ್ನು ಬರೆದುಬಿಡುವುದಿಲ್ಲ. ಕಾನ್ಪುರಕ್ಕೋ ಅಹಮದಾಬಾದಿಗೋ ಆ ಮಾಲು ಮುಟ್ಟಿದಾಗ ತನಗೆ ಸಿಗುವ ಬೆಲೆ ಎಷ್ಟು ಎಂಬುದನ್ನು ಮೊದಲು ಹಿಡಿದುಕೊಂಡು, ಅದರಿಂದ ಲಾರಿ ಬಾಡಿಗೆ, ಚೀಲ, ಬಡ್ಡಿ, ಜಿಎಸ್‌ಟಿ, ಮಾರುಕಟ್ಟೆ ಶುಲ್ಕ, ತನ್ನ ಲಾಭ ಇವೆಲ್ಲವನ್ನೂ ಕಳೆದು, ಉಳಿದದ್ದನ್ನು ಚೀಟಿಯಲ್ಲಿ ಬರೆಯುತ್ತಾನೆ. ಶುಲ್ಕವನ್ನು ಸರ್ಕಾರದ ಖಾತೆಗೆ ಕಟ್ಟುವವನು ಅವನೇ ಆದರೂ ಅದು ಬರುವುದು ನಿಮಗೆ ಸಿಗಬೇಕಾಗಿದ್ದ ದರದಿಂದ. ಎಲ್ಲ ಬೆಳೆಯಲ್ಲಿಯೂ ಹೀಗೆಯೇ ಆಗುತ್ತದೆ ಎಂದಲ್ಲ. ಬೆಲೆ ಇಳಿದರೆ ಬೆಳೆಯನ್ನು ಬದಲಿಸಬಲ್ಲ ರೈತ ಮುಂದಿನ ಹಂಗಾಮಿನಲ್ಲಿ ಬೇರೆ ಬೀಜ ಬಿತ್ತುತ್ತಾನೆ, ಆಗ ಹೊರೆಯ ಒಂದು ಪಾಲನ್ನು ಕೊಳ್ಳುವವನೂ ಹೊರಬೇಕಾಗುತ್ತದೆ. ಅಡಿಕೆಯ ಮಾತು ಬೇರೆ. ಸಸಿ ನೆಟ್ಟು ಫಸಲು ನೋಡಲು ಐದಾರು ವರ್ಷ ಬೇಕು, ಅಲ್ಲಿಂದ ಮುಂದೆ ಮರ ದಶಕಗಳ ಕಾಲ ನಿಂತಿರುತ್ತದೆ, ಕ್ವಿಂಟಲಿಗೆ ಇನ್ನೂರು ಮುನ್ನೂರು ರೂಪಾಯಿ ಇಳಿಯಿತೆಂದು ಯಾರೂ ತೋಟ ಕಡಿಯುವುದಿಲ್ಲ. ಚಾಲಿಯನ್ನು, ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆಯನ್ನು, ಕೆಲವು ತಿಂಗಳು ದಾಸ್ತಾನು ಇಟ್ಟು ಕಾಯಬಹುದು ನಿಜ. ಆದರೆ ಸಂಘದ ಬೆಳೆಸಾಲದ ಗಡುವು ಹತ್ತಿರ ಬಂದಾಗ ಸಣ್ಣ ಹಿಡುವಳಿಯವರು ಕಾಯುವ ಸ್ಥಿತಿಯಲ್ಲಿ ಇರುವುದಿಲ್ಲ. ಹೀಗೆ ಬೆಳೆಯನ್ನು ಬದಲಿಸಲಾಗದ, ಮಾರಾಟವನ್ನು ಬಹುಕಾಲ ಮುಂದೂಡಲಾಗದ ಕಡೆಗೇ ಶುಲ್ಕದ ಹೊರೆ ಜಾರುತ್ತದೆ.

ಎಷ್ಟು ಹಣ ಎಂಬುದನ್ನೂ ನೋಡೋಣ. ಲೆಕ್ಕಕ್ಕೆ ಸುಲಭವಾಗಲೆಂದು ರಾಶಿ ಅಡಿಕೆಯ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆಯ, ದರ ಕ್ವಿಂಟಲಿಗೆ 40,000 ರೂಪಾಯಿ ಎಂದು ಹಿಡಿಯಿರಿ. 2020ಕ್ಕೆ ಮೊದಲು ಶುಲ್ಕ ನೂರಕ್ಕೆ ಒಂದೂವರೆ ರೂಪಾಯಿ ಇತ್ತು, ಅಂದರೆ ಕ್ವಿಂಟಲಿಗೆ 600 ರೂಪಾಯಿ. ಆ ವರ್ಷದ ಕಾನೂನು ತಿದ್ದುಪಡಿಯಿಂದ ಮಾರುಕಟ್ಟೆಯ ಪ್ರಾಂಗಣದ ಹೊರಗೆ ನಡೆಯುವ ವ್ಯಾಪಾರ ಶುಲ್ಕದಿಂದ ಮುಕ್ತವಾದಾಗ, ಒಳಗಿನ ವ್ಯಾಪಾರಕ್ಕೂ ಅದನ್ನು 35 ಪೈಸೆಗೆ ಇಳಿಸಲಾಯಿತು. ಬಳಿಕ ಏರಿಸಿ, ಮತ್ತೆ ಇಳಿಸಿ, 60 ಪೈಸೆಗೆ ತರಲಾಯಿತು. 60 ಪೈಸೆಯ ದರದಲ್ಲಿ ಕ್ವಿಂಟಲಿಗೆ 240 ರೂಪಾಯಿ ಆಗುತ್ತದೆ. ಹತ್ತು ಕ್ವಿಂಟಲ್ ಬೆಳೆಯುವ ಒಂದು ಮನೆಗೆ ಇದು 2,400 ರೂಪಾಯಿ. ಈ ಹಣದಿಂದ ಪ್ರಾಂಗಣ, ರಸ್ತೆ, ಗೋದಾಮು, ತೂಕದ ವ್ಯವಸ್ಥೆ, ಸಿಬ್ಬಂದಿಯ ಸಂಬಳ ನಡೆಯಬೇಕು, ಒಂದು ಪಾಲು ರಾಜ್ಯದ ಕೃಷಿ ಮಾರಾಟ ಮಂಡಳಿಗೂ ಹೋಗುತ್ತದೆ. ಇವು ಬೇಡದ ಕೆಲಸಗಳೆಂದು ನಾನು ಹೇಳುವುದಿಲ್ಲ. ತೂಕ ಸರಿಯಾಗಿದೆ, ಬೋಲಿ ಬಹಿರಂಗವಾಗಿದೆ, ಹಣ ಗಡುವಿನೊಳಗೆ ಬರುತ್ತದೆ ಎಂಬ ಭರವಸೆಗೆ ಬೆಲೆಯಿದೆ. ನನ್ನ ಪ್ರಶ್ನೆ ಬೇರೆ: ಈ ಹಣದಲ್ಲಿ ಒಂದು ರೂಪಾಯಿಯಾದರೂ ಅಡಿಕೆ ಮರದ ರೋಗಕ್ಕೆ, ಅಡಿಕೆಯ ತಳಿಗೆ, ಅಡಿಕೆಯ ಮುಂದಿನ ಮಾರುಕಟ್ಟೆಗೆ ಎಂದು ಬೆಳೆಗಾರರೇ ನಿರ್ಧರಿಸಿ ಖರ್ಚು ಮಾಡುವ ವ್ಯವಸ್ಥೆ ಇದೆಯೇ?

ಶುಲ್ಕಕ್ಕೂ ಸೇವೆಗೂ ಸಂಬಂಧ ಇರಲೇಬೇಕು ಎಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1979ರಲ್ಲಿ ಪಂಜಾಬಿನ ಮಾರುಕಟ್ಟೆ ಶುಲ್ಕದ ಪ್ರಕರಣದಲ್ಲಿ ಹೇಳಿತು. ಅಲ್ಲಿ ಶುಲ್ಕವನ್ನು ನೂರಕ್ಕೆ 3 ರೂಪಾಯಿಗೆ ಏರಿಸಲಾಗಿತ್ತು. ವಸೂಲಾದ ಹಣದ ಬಹುಪಾಲು, ಸುಮಾರು ಮೂರನೇ ಎರಡು ಅಥವಾ ನಾಲ್ಕನೇ ಮೂರು ಪಾಲು, ಶುಲ್ಕ ಕೊಟ್ಟವರ ಸೇವೆಗೇ ಹೋಗಬೇಕೆಂದು ಕೇವಲ್ ಕ್ರಿಶನ್ ಪುರಿ ಪ್ರಕರಣದ ಆ ತೀರ್ಪು ಎತ್ತಿಹಿಡಿಯಿತು. ಮುಂದೆ ಬಂದ ತೀರ್ಪುಗಳು ಈ ಅಳತೆಯನ್ನು ಸಡಿಲಿಸಿದವು, ಲೆಕ್ಕ ಪೈಸೆಗೆ ಪೈಸೆ ಹೊಂದಬೇಕಾಗಿಲ್ಲ ಎಂದವು. ಆದರೂ ಮೂಲ ವಿಚಾರ ಉಳಿದುಕೊಂಡಿದೆ. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ನ್ಯಾಯಾಲಯದ ಮುಂದೆ ಶುಲ್ಕ ಕೊಡುವವರಾಗಿ ನಿಂತವರು ವ್ಯಾಪಾರಿಗಳು. ಹೊರೆ ಹೊರುವ ಬೆಳೆಗಾರ ಆ ಲೆಕ್ಕದಲ್ಲಿ ಕಾಣಿಸುವುದಿಲ್ಲ.

ಈಗ ಅಮೆರಿಕದ ರಾಜ್ಯಗಳ ಕಡೆಗೆ ಬರುತ್ತೇನೆ. ಅಲ್ಲಿಯೂ ಬೆಳೆಯ ಮಾರಾಟದ ಮೇಲೆ ರಾಜ್ಯದ ಕಾನೂನಿನ ಬಲದಿಂದ ವಂತಿಗೆ ಎತ್ತುತ್ತಾರೆ, ಆದರೆ ಅದು ಪ್ರಾಂಗಣಕ್ಕೆ ಅಲ್ಲ, ಆ ಬೆಳೆಯ ಏಳಿಗೆಗೆ. ಉತ್ತರ ಡಕೋಟದ ಗೋಧಿಯನ್ನು ನೋಡಿ. ಒಂದು ಬುಷೆಲ್, ಅಂದರೆ ಸುಮಾರು 27 ಕಿಲೋ ಗೋಧಿಗೆ ಒಂದೂವರೆ ಸೆಂಟ್ ವಂತಿಗೆ. ರೈತನಿಂದ ಗೋಧಿಯನ್ನು ಮೊದಲು ಕೊಳ್ಳುವವನು ಅದನ್ನು ರೈತನ ಲೆಕ್ಕದಲ್ಲಿಯೇ ಹಿಡಿದು, ಪಟ್ಟಿಯಲ್ಲಿ ಕಾಣಿಸಿ, ರಾಜ್ಯದ ಗೋಧಿ ಆಯೋಗಕ್ಕೆ ಕಟ್ಟುತ್ತಾನೆ. ಆಯೋಗದಲ್ಲಿ ಗೋಧಿ ಬೆಳೆಯುವವರೇ ಕೂತು ಸಂಶೋಧನೆಗೆ ಎಷ್ಟು, ಹೊರದೇಶದ ಗಿರಾಕಿಯನ್ನು ಹುಡುಕಲು ಎಷ್ಟು ಎಂದು ಹಂಚುತ್ತಾರೆ. ಒಪ್ಪಿಗೆಯಿಲ್ಲದ ರೈತ ಗೊತ್ತುಪಡಿಸಿದ ಅವಧಿಯಲ್ಲಿ ಅರ್ಜಿ ಕೊಟ್ಟರೆ ತನ್ನ ವಂತಿಗೆಯನ್ನು ಮರಳಿ ಪಡೆಯಬಹುದು. ಕಾನ್ಸಸ್ ರಾಜ್ಯದ ಗೋಧಿಯಲ್ಲಿಯೂ ಹೀಗೆ ಮರುಪಾವತಿಗೆ ಅವಕಾಶವಿದೆ, ಮತ್ತು ಅಲ್ಲಿನ ಆಯೋಗದ ಸದಸ್ಯರನ್ನು ಬೆಳೆಗಾರರೇ ಮತ ಹಾಕಿ ಆರಿಸುತ್ತಾರೆ. ಈ ಮರುಪಾವತಿಯ ಹಕ್ಕು ನನಗೆ ಬಹಳ ಮುಖ್ಯವೆನಿಸುತ್ತದೆ. ಎಲ್ಲರೂ ಅರ್ಜಿ ಹಾಕಿ ಹಣ ಹಿಂಪಡೆಯುತ್ತಾರೆ ಎಂದಲ್ಲ. ಯಾವ ವರ್ಷ ಅರ್ಜಿಗಳು ಹೆಚ್ಚುತ್ತವೆಯೋ ಆ ವರ್ಷ ಆಯೋಗಕ್ಕೆ ತನ್ನ ಕೆಲಸ ಹಳ್ಳಿಯಲ್ಲಿ ಹೇಗೆ ಕಾಣುತ್ತಿದೆ ಎಂಬುದು ಚುನಾವಣೆಗೆ ಕಾಯದೆ ತಿಳಿದುಬಿಡುತ್ತದೆ.

ನಮ್ಮಂಥ ತೋಟಗಾರರಿಗೆ ಹೆಚ್ಚು ಹತ್ತಿರವಾದದ್ದು ವಾಷಿಂಗ್ಟನ್ ರಾಜ್ಯದ ಸೇಬಿನ ಕತೆ. ರಾಜಧಾನಿ ವಾಷಿಂಗ್ಟನ್ ಅಲ್ಲ, ಪೆಸಿಫಿಕ್ ತೀರದ ವಾಷಿಂಗ್ಟನ್ ರಾಜ್ಯ. ಬಿಸಿಲು ಹೆಚ್ಚಿದ್ದು ಮಳೆ ಕಡಿಮೆಯಿರುವ ಅದರ ಪೂರ್ವದ ಕಣಿವೆಗಳಲ್ಲಿ ನೀರಾವರಿಯಿಂದ ಸೇಬು ಬೆಳೆಯುತ್ತಾರೆ. 1937ರಲ್ಲಿ ಅಲ್ಲಿನ ಶಾಸನಸಭೆ ಸೇಬಿನ ಆಯೋಗವನ್ನು ಸ್ಥಾಪಿಸಿ, ಪ್ರತಿ ಪೆಟ್ಟಿಗೆಯ ಮೇಲೆ ಕಡ್ಡಾಯ ವಂತಿಗೆ ಹಾಕುವ ಅಧಿಕಾರ ಕೊಟ್ಟಿತು. ಕಾಲಕ್ರಮದಲ್ಲಿ ಆ ವಂತಿಗೆ ಸುಮಾರು 19 ಕಿಲೋ ಹಿಡಿಸುವ ಒಂದು ಪೆಟ್ಟಿಗೆಗೆ 25 ಸೆಂಟಿಗೆ ಏರಿತು, ಬಹುಪಾಲು ಜಾಹೀರಾತಿಗೆ ಹೋಯಿತು. ದರ ಚೆನ್ನಾಗಿದ್ದಷ್ಟು ಕಾಲ ಯಾರೂ ದೊಡ್ಡ ದನಿಯಲ್ಲಿ ಕೇಳಲಿಲ್ಲ. 1990ರ ದಶಕದ ಕೊನೆಯಲ್ಲಿ ಸೇಬಿನ ಬೆಲೆ ಕುಸಿದು ತೋಟಗಳು ಸಾಲದಲ್ಲಿ ಮುಳುಗಿದಾಗ ಪ್ರಶ್ನೆಗಳು ಎದ್ದವು. ಹೊಸ ತಳಿ ಹಾಕಿದವರು, ಸ್ವಂತ ಹೆಸರಿನಲ್ಲಿ ಮಾರುವವರು, ಎಲ್ಲರ ಸೇಬನ್ನೂ ಒಂದೇ ಎಂಬಂತೆ ಸಾರುವ ಜಾಹೀರಾತಿಗೆ ನಮ್ಮ ಹಣವೇಕೆ ಎಂದರು. ವಿಷಯ ನ್ಯಾಯಾಲಯಕ್ಕೆ ಹೋಗಿ, 2003ರಲ್ಲಿ ಫೆಡರಲ್ ನ್ಯಾಯಾಲಯ ಆ ಕಡ್ಡಾಯ ವಂತಿಗೆ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ಬಳಿಕದ ರಾಜಿಯಲ್ಲಿ ವಂತಿಗೆ ಪೆಟ್ಟಿಗೆಗೆ 3.5 ಸೆಂಟಿಗೆ ಇಳಿದು, ಆಯೋಗದ ಕೆಲಸ ಹೊರದೇಶದ ಪ್ರಚಾರಕ್ಕೆ ಸೀಮಿತವಾಯಿತು.

ಕತೆ ಇಲ್ಲಿಗೇ ನಿಂತಿದ್ದರೆ ಇಂಥ ವಂತಿಗೆಯೇ ಬೇಡವೆಂದು ಹೇಳಬಹುದಾಗಿತ್ತು. ಅದೇ ರಾಜ್ಯದಲ್ಲಿ ಹಣ್ಣಿನ ಮರಗಳ ಸಂಶೋಧನೆಗೆಂದೇ 1969ರಿಂದ ಇನ್ನೊಂದು ಆಯೋಗ ಪ್ರತ್ಯೇಕ ವಂತಿಗೆಯಿಂದ ನಡೆದುಕೊಂಡು ಬಂದಿದೆ, ಅದು ಉಳಿಯಿತು. 2011ರಲ್ಲಿ ಸೇಬು ಮತ್ತು ಪೇರ್ ಬೆಳೆಗಾರರು ಮತದಾನ ಮಾಡಿ, ಎಂಟು ವರ್ಷ ತಮ್ಮ ಮೇಲೆ ತಾವೇ ಒಂದು ವಿಶೇಷ ವಂತಿಗೆ ಹಾಕಿಕೊಂಡು, ಆ ಹಣವನ್ನು ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದ ಸಂಶೋಧನೆಗೂ ವಿಸ್ತರಣಾ ಕೆಲಸಕ್ಕೂ ಕೊಡಲು ಒಪ್ಪಿದರು. ಮುಂದೆ ಚೆರ್ರಿ ಬೆಳೆಗಾರರೂ ಸೇರಿಕೊಂಡು ಒಟ್ಟು ವಾಗ್ದಾನ 3.2 ಕೋಟಿ ಡಾಲರಿಗೆ ಮುಟ್ಟಿತು. ಎಂಟೇ ವರ್ಷಗಳ ಹಿಂದೆ ಕಡ್ಡಾಯ ವಂತಿಗೆಯೊಂದು ಬಿದ್ದುಹೋದ ಅದೇ ಕಣಿವೆಗಳಲ್ಲಿ ಇದು ನಡೆಯಿತು. ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು: ಬೆಳೆಗಾರ ಹಣ ಕೊಡಲು ಹಿಂಜರಿಯುವವನಲ್ಲ, ಕೇಳದೆ ತೆಗೆದುಕೊಂಡು, ಅವನಿಗೆ ಕಾಣದ ಕಡೆ ಖರ್ಚು ಮಾಡುವುದನ್ನು ಅವನು ಸಹಿಸುವುದಿಲ್ಲ.

ಒಪ್ಪದ ಜಾಹೀರಾತಿಗೆ ಬಲವಂತದಿಂದ ಹಣ ಕೊಡಿಸುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂಬ ವಾದ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮೂರು ಬಾರಿ ಮೂರು ರೀತಿಯಾಗಿ ತಿರುಗಿತು. 1997ರಲ್ಲಿ ಕ್ಯಾಲಿಫೋರ್ನಿಯದ ಹಣ್ಣಿನ ಪ್ರಕರಣದಲ್ಲಿ ವಂತಿಗೆಯನ್ನು ಒಂದೇ ಮತದ ಅಂತರದಿಂದ ಎತ್ತಿಹಿಡಿಯಲಾಯಿತು. 2001ರಲ್ಲಿ ಅಣಬೆಯ ಜಾಹೀರಾತಿನ ವಂತಿಗೆಯನ್ನು ತಳ್ಳಿಹಾಕಲಾಯಿತು. 2005ರಲ್ಲಿ, ಒಂದು ದನಕ್ಕೆ ಒಂದು ಡಾಲರಿನಂತೆ ಎತ್ತುವ ಮಾಂಸದ ವಂತಿಗೆಯ ಪ್ರಕರಣದಲ್ಲಿ, ಆ ಜಾಹೀರಾತು ಸರ್ಕಾರದ್ದೇ ಮಾತು, ಆದ್ದರಿಂದ ಹಣ ಕೊಟ್ಟವರು ಆಕ್ಷೇಪಿಸುವಂತಿಲ್ಲ ಎಂದು ತೀರ್ಮಾನವಾಯಿತು. ಈ ಕೊನೆಯ ತರ್ಕ ನನಗೆ ಒಪ್ಪಿಗೆಯಿಲ್ಲ. ಹಣ ಬೆಳೆಗಾರನದು, ಮಾತು ಸರ್ಕಾರದ್ದು ಎಂದಾದರೆ ಕೊಟ್ಟವನ ಕೈಯಲ್ಲಿ ಉಳಿಯುವುದು ರಸೀದಿ ಮಾತ್ರ.

ಇದೆಲ್ಲ ಹೊರಗಿನ ಮಾತು, ನಮ್ಮ ನೆಲಕ್ಕೆ ಹೊಂದುವುದಿಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮದೇ ಜಿಲ್ಲೆಯ ಕರಾವಳಿಯ ಹೆಸರನ್ನು ಹೊತ್ತ ಒಂದು ಬೆಳೆಯನ್ನು ನೆನಪಿಸುತ್ತೇನೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದ ಕಾರಣಕ್ಕೆ ಅದಕ್ಕೆ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು ಬಿದ್ದಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ, ಹೆಸರು ಮಾತ್ರ ಕುಮಟೆಯದು. 1923ರ ಕಾಯಿದೆಯಿಂದ ಹತ್ತಿಯ ಮೇಲೆ ಸೆಸ್ ಬಂತು. ರಫ್ತಾಗುವ ಮತ್ತು ಗಿರಣಿಗೆ ಹೋಗುವ ಹತ್ತಿಯಿಂದ ವಸೂಲಾದ ಹಣ ಭಾರತೀಯ ಕೇಂದ್ರ ಹತ್ತಿ ಸಮಿತಿಗೆ ಹೋಯಿತು. ಮುಂಬಯಿಯ ಮಾತುಂಗಾದಲ್ಲಿ 1924ರಲ್ಲಿ ಎದ್ದ ಹತ್ತಿಯ ಪ್ರಯೋಗಾಲಯ, ಇಂದೂರಿನ ಸಸ್ಯ ಸಂಶೋಧನಾ ಸಂಸ್ಥೆ, ಇವು ಆ ಸಮಿತಿಯ ಹಣದ ಆಸರೆಯಿಂದ ಬೆಳೆದವು. ಚಹಾ, ಕಾಫಿ, ರಬ್ಬರ್, ಕೊಬ್ಬರಿ ಎಲ್ಲದರ ಮೇಲೂ ಒಂದೊಂದು ಕಾಲದಲ್ಲಿ ಸೆಸ್ ಇತ್ತು. 1940ರ ಕೃಷಿ ಉತ್ಪನ್ನ ಸೆಸ್ ಕಾಯಿದೆಯ ಹಣ ಕೃಷಿ ಸಂಶೋಧನಾ ಪರಿಷತ್ತಿಗೆ ಆಧಾರವಾಗಿತ್ತು. ಆ ಕಾಯಿದೆ 2006ರಲ್ಲಿ ರದ್ದಾಯಿತು, ಅದರೊಡನೆ ಸಂಬಾರ ಪದಾರ್ಥಗಳ ಸೆಸ್ಸೂ ಹೋಯಿತು. ಜಿಎಸ್‌ಟಿ ಬರುವ ಹೊತ್ತಿಗೆ, 2017ರಲ್ಲಿ, ಚಹಾ ಮತ್ತು ರಬ್ಬರಿನ ಸೆಸ್ ಕೊನೆಗೊಂಡವು. ಇವುಗಳಿಗಾಗಿ ಬೆಳೆಗಾರರು ಬೀದಿಗೆ ಇಳಿದು ಉಳಿಸಿಕೊಳ್ಳಲಿಲ್ಲ. ಕಾರಣ ನನಗೆ ತೋರುವುದು ಹೀಗೆ: ರಬ್ಬರಿನ ಸೆಸ್ಸನ್ನೇ ನೋಡಿ, ಆ ಹಣ ಮೊದಲು ಭಾರತದ ಸಂಚಿತ ನಿಧಿಗೆ ಸೇರಿ, ಅಲ್ಲಿಂದ ಸಂಸತ್ತಿನ ಮಂಜೂರಾತಿ ಪಡೆದು ಮಂಡಳಿಗೆ ಬರಬೇಕಾಗಿತ್ತು. ಅಷ್ಟು ದೂರ ಹೋಗಿ ಬಂದ ಹಣವನ್ನು ತನ್ನದೆಂದು ಗುರುತಿಸುವುದು ಬೆಳೆಗಾರನಿಗೆ ಸಾಧ್ಯವಾಗಲಿಲ್ಲ.

ಅಡಿಕೆಗೆ ಬರೋಣ. ನಮ್ಮ ಹಿರಿಯರು ಮಳೆಗಾಲ ಹಿಡಿಯುವ ಮೊದಲು ಕರಡದ, ಅಂದರೆ ಒಣಹುಲ್ಲಿನ, ಕೊಟ್ಟೆ ಮಾಡಿ ಅಡಿಕೆಯ ಕೊನೆಗೆ, ಅಂದರೆ ಗೊಂಚಲಿಗೆ, ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆ ರೋಗದಿಂದ ಪಾರಾಗಲು ಅವರಿಗೆ ತಿಳಿದಿದ್ದ ದಾರಿ ಅದು. ಆ ರೋಗವನ್ನು ಶಿಲೀಂಧ್ರವೆಂದು ಗುರುತಿಸಿ, ಅದರ ಬೆಳವಣಿಗೆಯನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದಿಂದ ತಡೆಯಬಹುದೆಂದು ತೋರಿಸಿದ ಕೆಲಸ 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ ಅವರಿಂದ ಆಯಿತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಖರ್ಚು ಮಾಡಿದ್ದು ಮೈಸೂರಿನ ಬೊಕ್ಕಸ, ಆದರೆ ಫಲ ಘಟ್ಟದ ಎಲ್ಲ ತೋಟಗಳಿಗೂ ಹರಿದು ಬಂತು. ಸಂಶೋಧನೆಯ ಗುಣವೇ ಅದು, ಬೇಲಿ ಹಾಕಿ ಒಬ್ಬರಿಗೇ ಇಟ್ಟುಕೊಳ್ಳಲು ಬರುವುದಿಲ್ಲ. ಅದಕ್ಕಾಗಿಯೇ ಒಬ್ಬೊಬ್ಬರೇ ಅದಕ್ಕೆ ಹಣ ಹಾಕುವುದಿಲ್ಲ, ಎಲ್ಲರೂ ಸೇರಿ ಹಾಕಬೇಕಾಗುತ್ತದೆ. ನೂರು ವರ್ಷ ಕಳೆದ ಮೇಲೂ ನಾವು ಕೊಳೆಗೆ ಅದೇ ಬೋರ್ಡೋವನ್ನು ನಂಬಿದ್ದೇವೆ, ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡರು ಸಿಗುವುದು ಕಷ್ಟವಾಗಿದೆ, ಜಡಿಮಳೆಯಲ್ಲಿ ಎರಡನೆಯ ಸಿಂಪಡಣೆಗೆ ಹೊಳವು, ಅಂದರೆ ಮಳೆಯ ಬಿಡುವು, ಸಿಗುವುದಿಲ್ಲ. ಇದರ ಮೇಲೆ ಎಲೆಚುಕ್ಕೆ ರೋಗ ಮಲೆನಾಡಿನ ತೋಟಗಳನ್ನು ಹಿಡಿದಿದೆ. ವಿಟ್ಲದಲ್ಲಿ 1956ರಿಂದ ಅಡಿಕೆಯ ಸಂಶೋಧನಾ ಕೇಂದ್ರ ಕೆಲಸ ಮಾಡುತ್ತ ಬಂದಿದೆ, ಮಂಗಳದಂಥ ತಳಿಗಳು ಅಲ್ಲಿಂದ ಬಂದವು. ಆದರೆ ನಮ್ಮ ಘಟ್ಟದ ಮೇಲಿನ ಮಳೆ, ನಮ್ಮ ಕಣಿವೆಯ ತೋಟ, ನಮ್ಮ ರಾಶಿ ಅಡಿಕೆಯ ಸಂಸ್ಕರಣೆ ಬೇರೆ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದ್ದು ಈ ವ್ಯತ್ಯಾಸಕ್ಕಾಗಿಯೇ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅಮೆರಿಕದ ಸೇಬಿನವರಂತೆ ವಂತಿಗೆಯ ಹಣದಲ್ಲಿ ಅಡಿಕೆ ತಿನ್ನಿರೆಂದು ಜಾಹೀರಾತು ಕೊಡುವುದನ್ನು ನಾನು ಬೆಂಬಲಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿನಲ್ಲಿ ಇಟ್ಟಿದೆ. ಈ ಸಭೆಯಲ್ಲಿ ಇದನ್ನು ಕೇಳುವುದು ಹಿತವಲ್ಲ ಎಂದು ನನಗೆ ಗೊತ್ತು, ಆದರೆ ನಮ್ಮ ಬದುಕು ಇದರ ಮೇಲೆ ನಿಂತಿರುವುದರಿಂದಲೇ ನಾವು ಇದನ್ನು ಎದುರು ನೋಡಬೇಕು. ರೋಗ, ತಳಿ, ಮರ ಹತ್ತದೆ ಮದ್ದು ಹೊಡೆಯುವ ಮತ್ತು ಕೊನೆ ಇಳಿಸುವ ಸಲಕರಣೆ, ಅಡಿಕೆಯ ಚೊಗರಿನಿಂದ ಬಣ್ಣ, ಹಾಳೆಯಿಂದ ತಟ್ಟೆ, ತೋಟದಲ್ಲಿಯೇ ನಿಲ್ಲುವ ಕಾಳುಮೆಣಸು: ನಮ್ಮ ಮಕ್ಕಳ ಕಾಲಕ್ಕೂ ತೋಟ ಉಳಿಯಬೇಕಾದರೆ ಹಣ ಈ ಕಡೆಗೆ ಹೋಗಬೇಕು.

ಎಷ್ಟು ಹಣ ಬೇಕು? ನೂರಕ್ಕೆ ಹತ್ತು ಪೈಸೆ ಸಾಕೆಂದು ನನಗೆ ಅನ್ನಿಸುತ್ತದೆ. ಮೊದಲು ಹಿಡಿದ ಅದೇ ದರದಲ್ಲಿ ಕ್ವಿಂಟಲಿಗೆ 40 ರೂಪಾಯಿ. ಇದನ್ನು ಮಾರುಕಟ್ಟೆ ಶುಲ್ಕದ ಮೇಲೆ ಹೊಸ ಹೊರೆಯಾಗಿ ಹೇರಬೇಕಾಗಿಲ್ಲ, ಈಗಿನ ಶುಲ್ಕದಲ್ಲಿಯೇ ಒಂದು ಪಾಲನ್ನು ಬೆಳೆಯ ಹೆಸರಿನಲ್ಲಿ ಬೇರ್ಪಡಿಸಿ ಇಡಿ ಎಂದು ಸರ್ಕಾರವನ್ನು ಕೇಳುವುದು ಒಂದು ದಾರಿ. ಅದು ತಡವಾಗುವುದಾದರೆ ನಮ್ಮ ಸಹಕಾರಿ ಸಂಘಗಳು ಸರ್ವಸಾಧಾರಣ ಸಭೆಯ ಒಪ್ಪಿಗೆಯಿಂದ ತಮ್ಮ ಸದಸ್ಯರ ಮಾರಾಟದಲ್ಲಿ ಸ್ವಯಂಪ್ರೇರಿತವಾಗಿ ಆರಂಭಿಸಬಹುದು. 1923ರಿಂದ ತೋಟಗಾರರ ಸಹಕಾರಿ ಮಾರಾಟ ನಡೆಯುತ್ತಿರುವ ಊರು ಇದು. ಇಲ್ಲಿ ಸದಸ್ಯರು ಪಟ್ಟಿ ಓದಬಲ್ಲರು, ವಾರ್ಷಿಕ ವರದಿಯನ್ನು ಪ್ರಶ್ನಿಸಬಲ್ಲರು. ಬಿಲ್ಲಿಲ್ಲದೆ ಮನೆಬಾಗಿಲಲ್ಲಿ ಆಗುವ ವ್ಯಾಪಾರ ಈ ವಂತಿಗೆಯಿಂದ ತಪ್ಪಿಸಿಕೊಳ್ಳುತ್ತದೆ ಎಂಬ ಆಕ್ಷೇಪ ನಿಜ. ಮಾರುಕಟ್ಟೆ ಶುಲ್ಕದಿಂದಲೂ ಜಿಎಸ್‌ಟಿಯಿಂದಲೂ ಅದು ಈಗಲೇ ತಪ್ಪಿಸಿಕೊಳ್ಳುತ್ತಿದೆ. ಅದನ್ನು ತಡೆಯುವ ಕೆಲಸ ಬೇರೆ, ಅದು ಆಗುವವರೆಗೆ ಇದನ್ನು ನಿಲ್ಲಿಸಿಡಬೇಕಾಗಿಲ್ಲ.

ಆದರೆ ವಂತಿಗೆ ಪಟ್ಟಿಯಲ್ಲಿ ಬೆಳೆಗಾರನ ಹೆಸರಿನಲ್ಲಿ ಕಾಣಿಸಲೇಬೇಕು. ಬೇಡವೆಂದವನಿಗೆ ಆ ವರ್ಷದ ಹಣ ಕಾರಣ ಕೇಳದೆ ಮರಳಬೇಕು. ಐದು ವರ್ಷಕ್ಕೊಮ್ಮೆ ಮುಂದುವರಿಸಬೇಕೇ ಬೇಡವೇ ಎಂಬ ಮತದಾನ ಆಗಬೇಕು. ಮತದ ಲೆಕ್ಕ ಹೇಗೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಕ್ಯಾಲಿಫೋರ್ನಿಯದ ಆಯೋಗಗಳಲ್ಲಿ ತಲೆಗಳನ್ನೂ ಮಾಲನ್ನೂ ಎರಡನ್ನೂ ಎಣಿಸುತ್ತಾರೆ: ಕನಿಷ್ಠ ನೂರಕ್ಕೆ 40 ಬೆಳೆಗಾರರು ಮತ ಹಾಕಿರಬೇಕು, ಹಾಕಿದವರಲ್ಲಿ ನೂರಕ್ಕೆ 65 ಜನ ಒಪ್ಪಿ ಅವರ ಬಳಿ ನೂರಕ್ಕೆ 51ರಷ್ಟು ಮಾಲು ಇರಬೇಕು, ಇಲ್ಲವೇ 51 ಜನ ಒಪ್ಪಿ ಅವರ ಬಳಿ 65ರಷ್ಟು ಮಾಲು ಇರಬೇಕು. ದೊಡ್ಡ ತೋಟದವರು ಸಣ್ಣವರ ಮೇಲೆ, ಸಣ್ಣವರು ದೊಡ್ಡವರ ಮೇಲೆ ಹೇರದಂತೆ ಮಾಡಿದ ಏರ್ಪಾಡು ಇದು. ನಮ್ಮಲ್ಲಿ ಗುಂಟೆ ಲೆಕ್ಕದ ತೋಟದವರೇ ಹೆಚ್ಚು, ಮತ್ತು ಸಹಕಾರಿ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಆ ನಿಯಮವನ್ನು ಇಲ್ಲಿಯೂ ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ದೊಡ್ಡ ತೋಟದವರು ಹೆಚ್ಚು ವಂತಿಗೆ ಕೊಡುತ್ತಾರೆ ನಿಜ, ಆದರೆ ಒಂದು ವರ್ಷ ಕೊಳೆ ಹಿಡಿದರೆ ಸಾಲ ತೀರಿಸಲಾಗದೆ ತೋಟವನ್ನೇ ಮಾರುವ ಸ್ಥಿತಿ ಬರುವುದು ಎರಡು ಕ್ವಿಂಟಲ್ ಬೆಳೆಯುವ ಮನೆಗೆ. ಈ ಬಗ್ಗೆ ನಿಮ್ಮಲ್ಲಿ ಬೇರೆ ಅಭಿಪ್ರಾಯವಿರುವವರು ಈಗ ಎದ್ದು ಹೇಳಬೇಕು, ಏಕೆಂದರೆ ಠರಾವು ಬರೆಯುವ ಮೊದಲೇ ಇತ್ಯರ್ಥವಾಗಬೇಕಾದ ವಿಷಯ ಇದು.